ಕುಲುಮೆಯಿಂದ ಹೊರಟ ಫೆರ್ರೆರ್

ಬಂಧುಗಳೇ, ನಮಸ್ಕಾರ.

ಈ ಸಂಚಿಕೆಯ ಸಂಪಾದಕೀಯವನ್ನು ಒಂದು ಅಡ್ಡಹೆಸರಿಗೆ ಮೀಸಲಿಟ್ಟಿದ್ದೇನೆ. ಫೆರ್ರೆರ್. ಬಾರ್ಸಿಲೋನಾದಲ್ಲಿ ಮನೆ ಮಾಡಿರುವ ನಮಗೆಲ್ಲ ಇದು ಪರಿಚಯದ ಹೆಸರೇ. ಮಕ್ಕಳ ಶಾಲೆಯಲ್ಲಿ, ಡಾಕ್ಟರ ಬೋರ್ಡಿನಲ್ಲಿ, ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಗಳ ಮೇಲೆ ಎಲ್ಲಾದರೂ ಒಂದು ಕಡೆ ಕಂಡೇ ಇರುತ್ತದೆ. ಆದರೆ ಪಾವಗಡ, ಬಳ್ಳಾರಿ, ಅನಂತಪುರದ ಕಡೆಯಿಂದ ಬಂದ ಎಷ್ಟೋ ಜನರಿಗೆ ಇದು ಸ್ಪೇನ್ ನೋಡುವ ಮೊದಲೇ ಗೊತ್ತಿದ್ದ ಹೆಸರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫೆರ್ರೆರ್ ಎಂದರೆ ಕಮ್ಮಾರ. ಲ್ಯಾಟಿನ್ ಭಾಷೆಯಲ್ಲಿ ಕಬ್ಬಿಣಕ್ಕೆ ಫೆರ್ರುಮ್, ಕಬ್ಬಿಣದ ಕೆಲಸ ಮಾಡುವವನಿಗೆ ಫೆರ್ರಾರಿಯುಸ್. ಪಿರನೀಸ್ ಬೆಟ್ಟಗಳ ಸುತ್ತಮುತ್ತ ಜನರ ಬಾಯಲ್ಲಿ ಸವೆದು ಸವೆದು ಅದು ಫೆರ್ರೆರ್ ಆಯಿತು. ಬೆಟ್ಟಗಳ ದಕ್ಷಿಣಕ್ಕೆ ಕೆಟಲನ್ ಭಾಷೆ. ಉತ್ತರಕ್ಕೆ, ಈಗಿನ ದಕ್ಷಿಣ ಫ್ರಾನ್ಸಿನಲ್ಲಿ, ಆಕ್ಸಿಟನ್. ಎರಡೂ ಅಕ್ಕತಂಗಿಯರ ಹಾಗೆ. ಹೆಸರು ಎರಡೂ ಕಡೆ ಇದೆ. ಫ್ರಾನ್ಸಿನ ಪರ್ಪಿನ್ಯಾ ಊರಿನಲ್ಲೂ ಫೆರ್ರೆರ್‌ಗಳು ಸಿಗುತ್ತಾರೆ. 1659ರ ಒಪ್ಪಂದದಲ್ಲಿ ಆ ಸೀಮೆ ಫ್ರಾನ್ಸಿಗೆ ಹೋಯಿತು, ಜನ ಇದ್ದಲ್ಲೇ ಇದ್ದರು.

ಹೇಳುವ ರೀತಿ ಊರಿಂದ ಊರಿಗೆ ಬೇರೆ. ಬಾರ್ಸಿಲೋನಾದವರು ಕೊನೆಯ ಅಕ್ಷರ ನುಂಗಿ 'ಫರ್ರೇ' ಎನ್ನುತ್ತಾರೆ. ವೆಲೆನ್ಸಿಯಾದವರು 'ಫೆರ್ರೇರ್' ಎಂದು ಪೂರ್ತಿ ಹೇಳುತ್ತಾರೆ. ನುಂಗಿದ್ದನ್ನು ನುಂಗಿದ ಹಾಗೇ ಬರೆದುಕೊಂಡ ಮನೆತನಗಳೂ ಇವೆ: ಫೆರ್ರೇ, ಫರ್ರೇ. ಇವೆಲ್ಲ ಒಂದೇ ಬೇರಿನ ಹೆಸರುಗಳು.

ಇಷ್ಟೊಂದು ಜನ ಫೆರ್ರೆರ್‌ಗಳು ಯಾಕಿದ್ದಾರೆ? ಹಿಂದೆ ಪ್ರತಿ ಊರಿಗೂ ಒಬ್ಬ ಕಮ್ಮಾರ ಬೇಕೇ ಬೇಕಿತ್ತು. ಕುದುರೆಗೆ ಲಾಳ, ನೇಗಿಲಿಗೆ ಗುಳ, ಬಾಗಿಲಿಗೆ ಚಿಲಕ ಎಲ್ಲವೂ ಅವನಿಂದಲೇ ಆಗಬೇಕು. ಆದರೆ ಸಾಮಾನ್ಯವಾಗಿ ಊರಿಗೆ ಒಬ್ಬನೇ ಸಾಕು. ಊರಲ್ಲಿ ಪೆರೆ ಎಂಬ ಹೆಸರಿನವರು ನಾಲ್ಕು ಜನ ಇದ್ದರೆ ಒಬ್ಬನನ್ನು 'ಕಮ್ಮಾರ ಪೆರೆ' ಎಂದರೆ ಯಾರು ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಮಧ್ಯಯುಗದಲ್ಲಿ ಹೀಗೆ ಕರೆದ ಹೆಸರು ಮಗನಿಗೆ ಬಂತು, ಮೊಮ್ಮಗನಿಗೆ ಬಂತು, ಕಡೆಗೆ ತೆರಿಗೆ ಪಟ್ಟಿಯಲ್ಲೂ ಚರ್ಚಿನ ದಾಖಲೆಯಲ್ಲೂ ಗಟ್ಟಿಯಾಗಿ ಕೂತಿತು. 13ನೇ ಶತಮಾನದಲ್ಲಿ ರಾಜ ಒಂದನೇ ಜಾಉಮೆ ಮಯೋರ್ಕಾವನ್ನೂ ವೆಲೆನ್ಸಿಯಾವನ್ನೂ ಗೆದ್ದಾಗ ಅಲ್ಲಿ ನೆಲೆಸಲು ಹೋದ ಕೆಟಲನ್ ಕುಟುಂಬಗಳ ಜೊತೆ ಹೆಸರೂ ತೆಂಕಣಕ್ಕೆ ಹೋಯಿತು.

ಕಬ್ಬಿಣದ ಕೆಲಸಕ್ಕೆ ಈ ಬೆಟ್ಟಸೀಮೆ ಹೇಳಿ ಮಾಡಿಸಿದ ಜಾಗ. ಕನಿಗೋ ಬೆಟ್ಟದಲ್ಲಿ ಅದಿರು, ಸುತ್ತ ಇದ್ದಿಲಿಗೆ ಬೇಕಾದಷ್ಟು ಕಾಡು, ಕಣಿವೆ ತುಂಬ ಹರಿಯುವ ನೀರು. ಇಲ್ಲಿನ ಕಬ್ಬಿಣದ ಕುಲುಮೆಗೆ 'ಕೆಟಲನ್ ಫಾರ್ಗಾ' ಎಂದೇ ಹೆಸರು. ಆಕ್ಸಿಟನ್ ಮಾತಾಡುವ ಫ್ವಾ ಸೀಮೆಯಲ್ಲೂ ಇದೇ ಪದ್ಧತಿ ನಡೆಯಿತು. ಕಬ್ಬಿಣ ಕರಗಿ ನೀರಾಗುವುದಿಲ್ಲ. ಅದಿರು ಮತ್ತು ಇದ್ದಿಲಿನ ಬೆಂಕಿಯಲ್ಲಿ ಮುದ್ದೆಯಾಗುತ್ತದೆ. ಕೆಂಪಗೆ ಕಾದ ಆ ಮುದ್ದೆಯನ್ನು ಎಳೆದು ತಂದು ನೀರಿನ ಚಕ್ರದಿಂದ ಎದ್ದು ಬೀಳುವ ದೊಡ್ಡ ಸುತ್ತಿಗೆಯ ಕೆಳಗಿಟ್ಟು ಬಡಿದು ಕಿಟ್ಟ ಬಿಡಿಸುತ್ತಾರೆ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಗಾಳಿ ಊದುವ ಏರ್ಪಾಡು. ಫೆರ್ರೆರ್ ಎಂಬ ಹೆಸರು ಹುಟ್ಟಿ ಎಷ್ಟೋ ಕಾಲವಾದ ಮೇಲೆ ಬಂದದ್ದು ಇದು. ತಿದಿ ಇಲ್ಲ, ತಿದಿ ಒತ್ತುವ ಆಳೂ ಇಲ್ಲ. ಎತ್ತರದಲ್ಲಿ ಒಂದು ನೀರಿನ ತೊಟ್ಟಿ. ಅದರಿಂದ ಕೆಳಕ್ಕೆ ಟೊಳ್ಳು ಮರದ ಕೊಳವೆ. ಕೊಳವೆಯ ಮೇಲ್ತುದಿಯ ಹತ್ತಿರ ಸಣ್ಣ ತೂತುಗಳು. ನೀರು ರಭಸವಾಗಿ ಬೀಳುವಾಗ ಆ ತೂತುಗಳಿಂದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಕೆಳಗಿನ ಮುಚ್ಚಿದ ಕೋಣೆಯಲ್ಲಿ ನೀರು ಕಲ್ಲಿಗೆ ಬಡಿದಾಗ ಗಾಳಿ ಬೇರೆಯಾಗುತ್ತದೆ. ನೀರು ತಳದಿಂದ ಹೊರಗೆ ಹೋದರೆ ಗಾಳಿ ಇನ್ನೊಂದು ಕೊಳವೆಯಲ್ಲಿ ನೇರ ಕುಲುಮೆಗೆ. ಹಗಲೂ ರಾತ್ರಿ ಒಂದೇ ಸಮನೆ ಗಾಳಿ! ಅಂಡೋರಾದ ಲಾ ಮಸಾನಾದಲ್ಲಿರುವ ಫಾರ್ಗಾ ರೊಸೆಲ್‌ನಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಬಹುದು. 1840ರ ದಶಕದಲ್ಲಿ ಕಟ್ಟಿದ ಈ ಕುಲುಮೆ 1876ರಲ್ಲಿ ಆರಿತು. ಈಗ ಅದು ಮ್ಯೂಸಿಯಂ. ಅಂಡೋರಾಗೆ ಬರೀ ಶಾಪಿಂಗ್‌ಗೆ ಹೋಗುವ ನಮ್ಮವರು ಒಂದು ಸಲ ಮಕ್ಕಳನ್ನು ಕರೆದುಕೊಂಡು ಇಲ್ಲಿಗೂ ಹೋಗಿಬನ್ನಿ.

ಇನ್ನು ಹೆಸರು ಹೊತ್ತವರ ವಿಷಯ. ಹಳಬರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ವೆಲೆನ್ಸಿಯಾದ ಸಂತ ವಿನ್ಸೆಂಟ್ ಫೆರ್ರೆರ್ (1350–1419). ಇವರ ಅಪ್ಪ ಗಿಯೆಮ್ ಫೆರ್ರೆರ್ ಕಮ್ಮಾರನಲ್ಲ, ದಸ್ತಾವೇಜು ಬರೆಯುವ ನೋಟರಿ. ಅಂದರೆ ಅಷ್ಟು ಹೊತ್ತಿಗಾಗಲೇ ಕೈಯಿಂದ ಸುತ್ತಿಗೆ ಬಿಟ್ಟುಹೋಗಿ ಹೆಸರು ಮಾತ್ರ ಉಳಿದಿತ್ತು. ವಿನ್ಸೆಂಟ್ ಡೊಮಿನಿಕನ್ ಸನ್ಯಾಸಿಯಾಗಿ ಯುರೋಪಿನ ಉದ್ದಗಲ ಉಪದೇಶ ಮಾಡುತ್ತಾ ತಿರುಗಿದರು. ತೀರಿಕೊಂಡದ್ದು ದೂರದ ಬ್ರಿಟನಿಯ (ಈಗಿನ ಫ್ರಾನ್ಸಿನ ಒಂದು ಸೀಮೆ) ವಾನ್ ಊರಿನಲ್ಲಿ. 1412ರಲ್ಲಿ ಅರಗಾನ್ ಸಿಂಹಾಸನಕ್ಕೆ ವಾರಸುದಾರನನ್ನು ಆರಿಸಲು ಕಾಸ್ಪೆಯಲ್ಲಿ ಕೂತ ಒಂಬತ್ತು ಜನರಲ್ಲಿ ಇವರೂ ಇದ್ದರು, ಇವರ ತಮ್ಮ ಬೊನಿಫಾಸಿಯೂ ಇದ್ದರು. ಆದರೆ ಇವರ ಪ್ರಭಾವದ ಇನ್ನೊಂದು ಮುಖವನ್ನು ಹೇಳದೆ ಬಿಡುವುದು ಸರಿಯಲ್ಲ. ಇವರ ಉಪದೇಶದ ಒತ್ತಡದಲ್ಲಿ ಬಹಳ ಜನ ಯಹೂದಿಗಳು ಮತ ಬದಲಿಸಬೇಕಾಯಿತು. ಕ್ಯಾಸ್ಟೀಲ್‌ನಲ್ಲಿ ಯಹೂದಿಗಳನ್ನು ಬೇರೆ ಕೇರಿಗಳಿಗೆ ತಳ್ಳಿದ 1412ರ ಕಾನೂನುಗಳ ಹಿಂದೆಯೂ ಇವರ ಮಾತಿನ ಬಲವಿತ್ತು. ಸಂತಪದವಿಯ ಜೊತೆ ಈ ನೋವೂ ಚರಿತ್ರೆಯಲ್ಲಿದೆ.

ತಮ್ಮ ಬೊನಿಫಾಸಿಯ ಹೆಸರಿನಲ್ಲಿ ಕೆಟಲನ್ ಬೈಬಲ್ ಒಂದಿದೆ. 1478ರಲ್ಲಿ ವೆಲೆನ್ಸಿಯಾದಲ್ಲಿ ಅಚ್ಚಾಯಿತು. ಜನರ ಭಾಷೆಯ ಬೈಬಲ್ ಎಂಬ ಕಾರಣಕ್ಕೆ ಇನ್‌ಕ್ವಿಸಿಷನ್‌ನವರು, ಅಂದರೆ ಮತದ್ರೋಹ ವಿಚಾರಿಸುವ ಚರ್ಚಿನ ನ್ಯಾಯಾಲಯದವರು, ಪ್ರತಿಗಳನ್ನು ಸುಟ್ಟರು. ಉಳಿದದ್ದು ಕೊನೆಯ ಒಂದು ಹಾಳೆ ಮಾತ್ರ, ಅದು ಈಗ ನ್ಯೂಯಾರ್ಕಿನಲ್ಲಿದೆ. ತಾಯ್ನುಡಿಯ ಪುಸ್ತಕ ಎಂದರೆ ಪ್ರಾಣ ಬಿಡುವ ನಮ್ಮಂಥವರಿಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಾರ್ಸಿಲೋನಾದವರು ಮರೆಯಬಾರದ ಫೆರ್ರೆರ್ ಇನ್ನೊಬ್ಬರಿದ್ದಾರೆ. ಫ್ರಾನ್ಸೆಸ್ಕ್ ಫೆರ್ರೆರ್ ಇ ಗ್ವಾರ್ಡಿಯಾ. 1859ರಲ್ಲಿ ಪಕ್ಕದ ಅಲೆಯಾದಲ್ಲಿ ಹುಟ್ಟಿದವರು. 1901ರಲ್ಲಿ ಈ ನಗರದಲ್ಲಿ 'ಆಧುನಿಕ ಶಾಲೆ' ತೆರೆದರು. ಹುಡುಗರು ಹುಡುಗಿಯರು ಒಟ್ಟಿಗೆ, ಬಡವರ ಮಕ್ಕಳು ಸಾಹುಕಾರರ ಮಕ್ಕಳು ಒಟ್ಟಿಗೆ. ಪರೀಕ್ಷೆ ಇಲ್ಲ, ಬಹುಮಾನ ಇಲ್ಲ, ಶಿಕ್ಷೆ ಇಲ್ಲ, ಧರ್ಮದ ಪಾಠ ಇಲ್ಲ. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಧೈರ್ಯ ಅಲ್ವಾ! ಅಧಿಕಾರದಲ್ಲಿದ್ದವರಿಗೂ ಚರ್ಚಿಗೂ ಇವರು ಕಣ್ಣುಕಿಸುರಾದರು. 1906ರಲ್ಲಿ ಶಾಲೆ ಮುಚ್ಚಿತು. 1909ರ ಜುಲೈನಲ್ಲಿ ಮೊರಾಕೊ ಯುದ್ಧಕ್ಕೆ ಬಡವರನ್ನು ಕಳಿಸುವುದರ ವಿರುದ್ಧ ನಗರದಲ್ಲಿ ದಂಗೆಯಾದಾಗ, ಅದಕ್ಕೆಲ್ಲ ಇವರೇ ಕಾರಣ ಎಂದು ಸೇನಾ ನ್ಯಾಯಾಲಯ ತೀರ್ಮಾನಿಸಿತು. ಸಾಕ್ಷಿ ಗಟ್ಟಿ ಇರಲಿಲ್ಲ. ಅಕ್ಟೋಬರ್ 13ರಂದು ಮೊಂಜುಯಿಕ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಯುರೋಪಿನ ಊರೂರಲ್ಲಿ ಪ್ರತಿಭಟನೆ ಎದ್ದಿತು. ಅದೇ ತಿಂಗಳು ಪ್ರಧಾನಿ ಮೌರಾ ಸರ್ಕಾರ ಬಿದ್ದಿತು. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಮೊಂಜುಯಿಕ್ ಗುಡ್ಡದಲ್ಲಿ ಇವರ ಸ್ಮಾರಕವಿದೆ. ಒಂದು ನಿಮಿಷ ನಿಂತು ನೋಡಿ.

ಹೆಸರಿನ ಮಧ್ಯದ 'ಇ' ಎಂದರೆ ಕೆಟಲನ್‌ನಲ್ಲಿ 'ಮತ್ತು'. ಸಾಮಾನ್ಯವಾಗಿ ಮೊದಲ ಅಡ್ಡಹೆಸರು ಅಪ್ಪನದು, ಎರಡನೆಯದು ಅಮ್ಮನದು. ಮದುವೆಯಾದರೂ ಹೆಂಗಸರ ಅಡ್ಡಹೆಸರು ಬದಲಾಗುವುದಿಲ್ಲ. ನನಗೆ ಈ ಪದ್ಧತಿಯ ಮೇಲೆ ತುಂಬ ಗೌರವ. ಇದರಿಂದಾಗಿಯೇ ಅಮ್ಮನ ಕಡೆಯಿಂದ ಫೆರ್ರೆರ್ ಆದವರೂ ಲೆಕ್ಕಕ್ಕೆ ಬರುತ್ತಾರೆ. ಕೋಸ್ಟಾರಿಕಾದ ಹೊಸೆ ಫಿಗೆರೆಸ್ ಫೆರ್ರೆರ್ ಅಂಥವರು. ಅಪ್ಪ ಅಮ್ಮ ಇಬ್ಬರೂ ಕೆಟಲೋನಿಯಾದಿಂದ ಹೋದವರು. 1948ರ ಅಂತರ್ಯುದ್ಧದಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಫಿಗೆರೆಸ್, ಅದೇ ಡಿಸೆಂಬರ್ 1ರಂದು ಸಾನ್ ಹೊಸೆಯ ಬೆಯಾವಿಸ್ತಾ ಸೈನಿಕ ಠಾಣೆಗೆ ಹೋದರು. ದೊಡ್ಡ ಸುತ್ತಿಗೆ ಎತ್ತಿ ಠಾಣೆಯ ಗೋಡೆಗೆ ಹೊಡೆದರು. ಇನ್ನು ನಮ್ಮ ದೇಶಕ್ಕೆ ಸೈನ್ಯ ಬೇಡ ಎಂದು ಸಾರುವುದಕ್ಕೆ. 1949ರ ಸಂವಿಧಾನದಲ್ಲಿ ಅದು ಕಾನೂನೇ ಆಯಿತು. ಆ ಠಾಣೆ ಇವತ್ತು ರಾಷ್ಟ್ರೀಯ ವಸ್ತುಸಂಗ್ರಹಾಲಯ. ಗೆದ್ದವನೇ ತನ್ನ ಸೈನ್ಯವನ್ನು ಕೈಬಿಡುವುದು ಚರಿತ್ರೆಯಲ್ಲಿ ಎಷ್ಟು ಸಲ ಆಗಿದೆ, ಹೇಳಿ?

ಅಟ್ಲಾಂಟಿಕ್ ಆಚೆ ಹೋದ ಫೆರ್ರೆರ್‌ಗಳು ಇನ್ನೂ ಇದ್ದಾರೆ. ಪೋರ್ಟೊರಿಕೊದಲ್ಲಿ ಹುಟ್ಟಿದ ನಟ ಹೊಸೆ ಫೆರ್ರೆರ್ 1951ರಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದರು. ಕ್ಯೂಬಾದ ಗಾಯಕ ಇಬ್ರಾಹಿಂ ಫೆರ್ರೆರ್ ಕಥೆ ಕೇಳಿದರೆ ಮನಸ್ಸು ಕರಗುತ್ತದೆ. 1927ರಲ್ಲಿ ಹುಟ್ಟಿ, ಸಣ್ಣ ವಯಸ್ಸಿನಲ್ಲೇ ಅನಾಥರಾಗಿ, ಬಹಳ ಕಾಲ ಹಾಡಿ, ಕೊನೆಗೆ ಹಾಡು ಬಿಟ್ಟು ಹವಾನಾದಲ್ಲಿ ಬೂಟ್ ಪಾಲಿಶ್ ಮಾಡುತ್ತಿದ್ದರು. 1996ರಲ್ಲಿ ಯಾರೋ ಧ್ವನಿಮುದ್ರಣಕ್ಕೆ ಕರೆದರು. ಆಮೇಲೆ ಲೋಕವೆಲ್ಲ ಅವರ ದನಿ ಕೇಳಿತು. 73ನೇ ವಯಸ್ಸಿನಲ್ಲಿ ಲ್ಯಾಟಿನ್ ಗ್ರ್ಯಾಮಿಯ 'ಹೊಸ ಕಲಾವಿದ' ಪ್ರಶಸ್ತಿ ಬಂತು! ಕ್ಯೂಬಾಗೆ ಕೆಟಲನ್ ವ್ಯಾಪಾರಿಗಳು ಗುಂಪುಗುಂಪಾಗಿ ಹೋಗಿದ್ದರು. ಅಲ್ಲಿ ಗುಲಾಮರಿಗೆ ಯಜಮಾನರ ಅಡ್ಡಹೆಸರು ಹಚ್ಚುವ ಪದ್ಧತಿಯೂ ಇತ್ತು. ಕೆರಿಬಿಯನ್‌ನಲ್ಲಿ ಯುರೋಪಿನ ಹೆಸರು ಕಂಡಾಗಲೆಲ್ಲ ಈ ಮಾತು ನೆನಪಿರಬೇಕು. ಟೆನಿಸ್ ಪ್ರಿಯರಿಗೆ ದಾವಿದ್ ಫೆರ್ರೆರ್ ಬಗ್ಗೆ ನಾನೇನು ಹೇಳಲಿ, 2013ರ ಫ್ರೆಂಚ್ ಓಪನ್ ಫೈನಲ್ ಎಲ್ಲರೂ ನೋಡಿದ್ದೀರಿ.

ಈಗ ಅನಂತಪುರ. ವಿಸೆಂತೆ ಫೆರ್ರೆರ್ 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದರು. ಸ್ಪೇನಿನ ಅಂತರ್ಯುದ್ಧವನ್ನು ಸೈನಿಕನಾಗಿ ಕಂಡು, ಆಮೇಲೆ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘ ಸೇರಿ, 1952ರಲ್ಲಿ ಮುಂಬೈಗೆ ಬಂದಿಳಿದರು. ಮಹಾರಾಷ್ಟ್ರದ ಮನ್ಮಾಡ್ ಸುತ್ತ ಬಡ ರೈತರ ಜೊತೆ ನಿಂತು ಬಾವಿ ತೋಡಿಸಿದರು. ಜನ ಸುತ್ತ ಸೇರಿದ್ದು ಕೆಲವರಿಗೆ ಸೇರಲಿಲ್ಲ. 1968ರಲ್ಲಿ ದೇಶ ಬಿಟ್ಟು ಹೋಗಿ ಎಂಬ ಆದೇಶ ಬಂತು. ಸಾವಿರಾರು ರೈತರು ಮುಂಬೈಗೆ ಮೆರವಣಿಗೆ ಹೊರಟರು. ಪ್ರಧಾನಿ ಇಂದಿರಾ ಗಾಂಧಿ ನಡುವೆ ಬಂದರು. ಸ್ವಲ್ಪ ದಿನ ಹೊರಗೆ ಹೋಗಿ ಮತ್ತೆ ಬರಲಿ ಎಂದಾಯಿತು. 1969ರಲ್ಲಿ ಮರಳಿ ಬಂದವರು ನೆಲೆ ನಿಂತದ್ದು ಅನಂತಪುರದಲ್ಲಿ. ಮಳೆ ಕಾಣದ ಸೀಮೆ ಅದು. ನಮ್ಮ ಪಾವಗಡ ಮೂರು ದಿಕ್ಕಿಗೂ ಅದೇ ಸೀಮೆಗೆ ಅಂಟಿಕೊಂಡಿದೆ, ಬಳ್ಳಾರಿ ಪಕ್ಕದಲ್ಲೇ ಇದೆ.

ಮರುವರ್ಷ ಜೆಸ್ಯೂಟ್ ಸಂಘ ಬಿಟ್ಟು, ಇಂಗ್ಲೆಂಡಿನ ಪತ್ರಕರ್ತೆ ಆ್ಯನ್ ಪೆರಿಯನ್ನು ಮದುವೆಯಾದರು. ಆದರೂ ಜನರ ಬಾಯಲ್ಲಿ ಅವರು 'ಫಾದರ್' ಆಗಿಯೇ ಉಳಿದರು. ಇಬ್ಬರೂ ಸೇರಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಚೆಕ್‌ಡ್ಯಾಂ ಕಟ್ಟಿಸಿತು, ದಲಿತರ ಕೇರಿಗಳಲ್ಲಿ ಶಾಲೆ ತೆರೆಯಿತು, ಮನೆ ಕಟ್ಟಿಸಿಕೊಟ್ಟಿತು. ಬತ್ತಲಪಲ್ಲಿ ಮತ್ತು ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸಿತು. ಹಣದ ಬಹುಪಾಲು ಸ್ಪೇನಿನ ಸಾಮಾನ್ಯ ಜನರಿಂದ ತಿಂಗಳು ತಿಂಗಳು ಬಂದದ್ದು. ನಿಮ್ಮ ಮನೆ ಕೆಳಗಿನ ಬ್ರೆಡ್ ಅಂಗಡಿಯವರೂ ಅದರಲ್ಲಿ ಒಬ್ಬರಿರಬಹುದು. ಒಮ್ಮೆ ಕೇಳಿ ನೋಡಿ, ಎಷ್ಟೋ ಮನೆಗಳಲ್ಲಿ ಅನಂತಪುರದ ಒಂದು ಮಗುವಿನ ಫೋಟೋ ಇರುತ್ತದೆ. ಫಾದರ್ 2009ರಲ್ಲಿ ಅನಂತಪುರದಲ್ಲೇ ತೀರಿಕೊಂಡರು, ಬತ್ತಲಪಲ್ಲಿಯಲ್ಲಿ ಅವರ ಸಮಾಧಿ ಇದೆ. ಅವರ ಮಗನ ಹೆಸರು ಮೊಂಚೊ. ಅದು ವಿಸೆಂತೆಯವರ ಅಮ್ಮನ ಅಡ್ಡಹೆಸರು.

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣವಿದೆ. ಇಲ್ಲಿನ ಕಚೇರಿಗಳಲ್ಲಿ ಎರಡು ಅಡ್ಡಹೆಸರು ಕೇಳುವ ಫಾರಂ ಮುಂದೆ ನಮ್ಮವರು ತಡವರಿಸುತ್ತಾರೆ. ಅಪ್ಪನ ಹೆಸರು ಹಾಕುತ್ತಾರೆ, ಊರಿನ ಹೆಸರು ಹಾಕುತ್ತಾರೆ. ಅದು ಸರಿಯೇ. ಆದರೆ ಉತ್ತರ ಕರ್ನಾಟಕದ ಕಮ್ಮಾರ, ಬಡಿಗೇರ, ಕುಂಬಾರ, ಹೂಗಾರ ಮನೆತನದ ಕೆಲವು ಹುಡುಗರು ಸುಮ್ನೆ ಆ ಹೆಸರು ಕೈಬಿಡುವುದನ್ನು ನೋಡಿದ್ದೇನೆ. ನಮ್ಮಲ್ಲಿ ಕಸುಬಿನ ಹೆಸರಿಗೆ ಜಾತಿಯ ಭಾರವೂ ಅಂಟಿದೆ. ಅವಮಾನ ತಿಂದವರಿಗೆ ಅದನ್ನು ಇಟ್ಟುಕೋ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಹೆಸರು ಉಳಿಸಿಕೊಳ್ಳಲು ಮನಸ್ಸಿದ್ದು, ಇಲ್ಲಿನವರು ಏನಂದುಕೊಳ್ಳುತ್ತಾರೋ ಎಂಬ ಹಿಂಜರಿಕೆ ಮಾತ್ರ ಇದ್ದರೆ, ಅದನ್ನು ಬಿಟ್ಟುಬಿಡಿ. ನೀವು ಕಮ್ಮಾರ ಎಂದರೆ ಏನೆಂದು ವಿವರಿಸಿದ ದಿನ, ಎದುರಿಗಿರುವ ಫೆರ್ರೆರ್ ನಿಮ್ಮ ಕೈ ಕುಲುಕುತ್ತಾರೆ. ನಮ್ಮ ಚಂದ್ರಶೇಖರ ಕಂಬಾರರು ಜ್ಞಾನಪೀಠ ಪಡೆದದ್ದೂ ಇಂಥದೇ ಕಸುಬಿನ ಹೆಸರಿನಲ್ಲಿ.

ಮುಂದಿನ ಸಂಚಿಕೆಗೆ ನಿಮ್ಮ ಮನೆತನದ ಹೆಸರಿನ ಬಗ್ಗೆ ಬರೆದು ಕಳಿಸಿ. ಅಜ್ಜ ಅಜ್ಜಿ ಹೇಳಿದ್ದನ್ನು ಹಾಗೇ ಬರೆದರೆ ಸಾಕು, ತಿದ್ದುವ ಕೆಲಸ ನಮ್ಮದು. ಪಾವಗಡ, ಮೊಳಕಾಲ್ಮೂರು, ಬಳ್ಳಾರಿ ಕಡೆಯ ಸದಸ್ಯರಲ್ಲಿ ಯಾರಾದರೂ ಬತ್ತಲಪಲ್ಲಿ ಆಸ್ಪತ್ರೆಗೆ ಹೋಗಿದ್ದರೆ, ಇಲ್ಲವೇ ಫಾದರ್ ಅವರನ್ನು ಕಂಡು ಮಾತಾಡಿದ್ದರೆ, ದಯವಿಟ್ಟು ಅದನ್ನೂ ಬರೆಯಿರಿ. ಅಂಥ ಬರಹಗಳನ್ನು ಕೆಟಲನ್‌ಗೂ ಅನುವಾದಿಸಿ ಇಲ್ಲಿನ ನೆರೆಹೊರೆಯವರಿಗೆ ಓದಲು ಕೊಡಬೇಕೆಂದಿದ್ದೇವೆ.

ನಿಮ್ಮ ಸಂಪಾದಕ