ಬಣ್ಣದ ಹೆಸರಷ್ಟೇ ಸಾಲದು, ಲೇಪ ಯಾವುದೆಂದೂ ತಿಳಿಸಿ

ಮಾನ್ಯರೇ,

ಗೋಡೆಯ ಬಣ್ಣಕ್ಕೆ ಒಪ್ಪುವ ಮಣ್ಣಿನ ಹೂದಾನಿ, ಬಟ್ಟಲುಗಳನ್ನು ಆರಿಸುವ ಬಗೆಯನ್ನು ಗೃಹಾಲಂಕಾರದ ಬರಹಗಳು ಚೆನ್ನಾಗಿಯೇ ವಿವರಿಸುತ್ತವೆ. ಆದರೆ ಆ ಪಾತ್ರೆಯ ಬಣ್ಣ ಮೇಲೆ ಬಳಿದದ್ದೋ, ಬೆಂಕಿಯಲ್ಲಿ ಸುಟ್ಟು ಬಂದ ಗಾಜಿನಂಥ ಮೆರುಗೋ (ಗ್ಲೇಜ್) ಎಂಬುದನ್ನು ಅವು ಹೇಳುವುದು ಅಪರೂಪ.

ಗೋಡೆಗೆ ಬಳಿಯುವ ಬಣ್ಣ ಒಣಗಿದಾಗ ತುಸು ಬದಲಾದರೂ ಹೆಚ್ಚುಕಡಿಮೆ ಡಬ್ಬಿಯಲ್ಲಿ ಕಂಡಂತೆಯೇ ಇರುತ್ತದೆ. ಆದರೆ ಮೆರುಗಿನ ಬಣ್ಣ ಹುಟ್ಟುವುದೇ ಮಡಕೆ ಸುಡುವ ಆವಿಗೆಯೊಳಗೆ. ಕಪ್ಪು ಪುಡಿಯಾಗಿದ್ದ ಕೋಬಾಲ್ಟ್ ಆಕ್ಸೈಡ್ ಮೆರುಗಿನೊಡನೆ ಕರಗಿ ಗಾಜಾದಾಗ ಕಡುನೀಲಿಯಾಗುತ್ತದೆ. ತಾಮ್ರ ಬೆರೆತ ಮೆರುಗು ಗಾಳಿಯಾಡುವ ಆವಿಗೆಯಲ್ಲಿ ಹಸಿರಾದರೆ, ಆಮ್ಲಜನಕವನ್ನು ತಗ್ಗಿಸಿ ಸುಟ್ಟಾಗ ರಕ್ತಗೆಂಪಿಗೆ ತಿರುಗುತ್ತದೆ. ಆವಿಗೆಯ ಮೂಲೆ ಮೂಲೆಗೂ ಶಾಖ ಒಂದೇ ಸಮನಾಗಿ ತಾಗುವುದಿಲ್ಲವಾದ್ದರಿಂದ, ಒಟ್ಟಿಗೆ ಸುಟ್ಟ ಎರಡು ಬಟ್ಟಲುಗಳ ಛಾಯೆ ಬೇರೆಯಾಗಿದೆ ಎಂದು ದೂರುವುದು ಕುಂಬಾರರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಸುಟ್ಟ ಮಣ್ಣಿನ ಬಟ್ಟಲಿಗೆ ಅಕ್ರಿಲಿಕ್ ಬಣ್ಣ ಬಳಿದು ಮೇಲೊಂದು ಪದರ ವಾರ್ನಿಷ್ ಎಳೆದರೆ, ಛಾಯಾಚಿತ್ರದಲ್ಲಿ ಅದು ಮೆರುಗಿನ ಪಾತ್ರೆಯಂತೆಯೇ ಹೊಳೆಯುತ್ತದೆ. ಕೈಗೆತ್ತಿಕೊಂಡು ಅಂಚನ್ನು ಉಗುರಿನಿಂದ ಕೆರೆದಾಗ ಬಳಿದ ಬಣ್ಣ ಸಿಪ್ಪೆಯಾಗಿ ಏಳಬಹುದು; ಗಾಜಿನಂಥ ಮೆರುಗಿನ ಮೇಲೆ ಉಗುರು ಜಾರುತ್ತದೆ. ಅಲಂಕಾರಕ್ಕೆಂದು ಹೀಗೆ ಬಣ್ಣ ಬಳಿದ ಪಾತ್ರೆಯಲ್ಲಿ ಆಹಾರವಿಡಬಾರದು. ಹಾಗೆಂದು ಮೆರುಗು ಹಾಕಿದ್ದೆಲ್ಲವೂ ನಿರಪಾಯಕಾರಿಯೇನಲ್ಲ: ಸೀಸ ಬೆರೆಸಿದ ಮೆರುಗು ಸರಿಯಾಗಿ ಬೇಯದಿದ್ದರೆ ಹುಳಿ ಪದಾರ್ಥಗಳು ಆ ಸೀಸವನ್ನು ಹೀರಿಕೊಳ್ಳುತ್ತವೆ. ಗೋಡೆಯ ಬಣ್ಣಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ಅದರಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. (1775ರಲ್ಲಿ ಷೀಲೆ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ ಸೊಗಸಾದ ಹಸಿರಿನಲ್ಲಿ ಆರ್ಸೆನಿಕ್ ಎಂಬ ವಿಷವಿತ್ತು, ಆದರೂ ಮುಂದೆ ಯುರೋಪಿನ ಮನೆಗಳ ಗೋಡೆಕಾಗದಗಳಲ್ಲಿ ಅದು ಮೆರೆಯಿತು.)

ಗೋಡೆಯ ವಿಷಯದಲ್ಲಿ ಬಣ್ಣದಷ್ಟೇ ಅದರ ಹೊಳಪೂ ಮುಖ್ಯ. ಮ್ಯಾಟ್ ಎನ್ನುವ ಹೊಳಪಿಲ್ಲದ ಲೇಪ ಗೋಡೆಯ ಉಬ್ಬುತಗ್ಗುಗಳನ್ನು ಮರೆಮಾಚುತ್ತದೆ, ಆದರೆ ಅದರ ಮೇಲಿನ ಕಲೆಯನ್ನು ಉಜ್ಜಿ ತೆಗೆಯುವುದು ಕಷ್ಟ. ಹೊಳಪಿನ ಲೇಪವನ್ನು ಒರೆಸುವುದು ಸುಲಭ, ಆದರೆ ಪುಟ್ಟಿ ಹಚ್ಚಿದ ಪ್ರತಿಯೊಂದು ಗುರುತನ್ನೂ ಅದು ಎತ್ತಿ ತೋರಿಸುತ್ತದೆ. ಹಗಲಿನಲ್ಲಿ ತಂಪಾಗಿ ಕಾಣುವ ತಿಳಿಬೂದು, 2700 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ಹಳದಿ ದೀಪದಡಿ ಮಾಸಲು ಕಂದಿಗೆ ವಾಲುವುದೂ ಉಂಟು.

ಆದ್ದರಿಂದ ಗೃಹಾಲಂಕಾರದ ಬರಹಗಳೊಡನೆ ಬರುವ ಚಿತ್ರಗಳ ಅಡಿಬರಹದಲ್ಲಿ ಪಾತ್ರೆ ಬಣ್ಣ ಬಳಿದದ್ದೋ ಮೆರುಗಿನದೋ, ಊಟಕ್ಕೆ ಬಳಸಬಹುದೋ ಇಲ್ಲವೋ, ಗೋಡೆಯ ಲೇಪ ಮ್ಯಾಟೋ ಹೊಳಪಿನದೋ, ಚಿತ್ರ ತೆಗೆದದ್ದು ಹಗಲಿನಲ್ಲೋ ದೀಪದ ಬೆಳಕಿನಲ್ಲೋ ಎಂಬ ವಿವರಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಜಾಗ ಸಾಲದಿದ್ದರೆ, ಊಟಕ್ಕೆ ಸಂಬಂಧಿಸಿದ ಮಾತನ್ನಾದರೂ ಬಿಡದೆ ಪ್ರಕಟಿಸಿ.

– ಓರ್ವ ಓದುಗ