ಸಿಂಡಿಗೆ ಹೊಸ ಬಟ್ಟೆ ಬೇಕಿತ್ತು

ಪ್ರಿಯ ಸದಸ್ಯರೇ,

ಈ ಸಲದ ರಾಜ್ಯೋತ್ಸವಕ್ಕೆ ಕನ್ನಡ ರ‍್ಯಾಪ್ ಹಾಡ್ತೀವಿ ಅಂತ ನಮ್ಮ ಹೈಸ್ಕೂಲು ಮಕ್ಕಳು ಕೇಳಿದ್ದಾರೆ. "ಅದು ನಮ್ಮದಲ್ಲ" ಎಂದು ಕಮಿಟಿಯಲ್ಲಿ ಕೆಲವರಿಗೆ ಬೇಸರ. ಅವರಿಗಾಗಿ ರ‍್ಯಾಪ್ ಹುಟ್ಟಿದ ಈ ಕಥೆ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಕಟ್ಟಡ. ಶಾಲೆ ಶುರುವಾಗುವ ಮೊದಲು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಹೊಸ ಬಟ್ಟೆ ಬೇಕಿತ್ತು. ದುಡ್ಡಿಗಾಗಿ ಕಟ್ಟಡದ ಹಾಲ್ ಬಾಡಿಗೆಗೆ ಹಿಡಿದು ಪಾರ್ಟಿ ಇಟ್ಟಳು. ಆಹ್ವಾನವನ್ನು ಕಾರ್ಡುಗಳ ಮೇಲೆ ಕೈಯಲ್ಲೇ ಬರೆದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕುವ ಕೆಲಸ ಅಣ್ಣ ಕ್ಲೈವ್‌ಗೆ. ಅವನೇ ಮುಂದೆ ಹಿಪ್-ಹಾಪ್‌ನ (ರ‍್ಯಾಪ್ ಇದರದೇ ಭಾಗ) ಜನಕ ಅನಿಸಿಕೊಂಡ ಡಿಜೆ ಕೂಲ್ ಹರ್ಕ್. ಅಣ್ಣನ ಹೆಸರು ಹಿಪ್-ಹಾಪ್ ಕೇಳುವವರಿಗೆಲ್ಲ ಗೊತ್ತು, ತಂಗಿಯದು ಗೊತ್ತಿರುವವರು ಕಡಿಮೆ. ಅದಕ್ಕೇ ಅವಳಿಂದ ಶುರು ಮಾಡಿದೆ.

ಕ್ಲೈವ್ 12ನೇ ವಯಸ್ಸಿಗೆ ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂದವನು. ಅಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು, ಹಾಡಿನ ಮೇಲೆ ಮೈಕಿನಲ್ಲಿ ಮಾತು ಹೆಣೆಯುತ್ತಿದ್ದರು. ಆ ಸದ್ದು ಅವನ ಜೊತೆಗೇ ಬಂದಿತ್ತು. ಬ್ರಾಂಕ್ಸ್‌ನಲ್ಲಿ ಅವನು ಕುಣಿಯುವವರನ್ನು ಗಮನಿಸಿದ. ಹಾಡಿಕೆ ನಿಂತು ಬರೀ ಡ್ರಮ್ಮು, ಬೇಸು ಉಳಿಯುವ ಗಳಿಗೆಗೆ ಅವರು ಕಾಯುತ್ತಿದ್ದರು. ಆದರೆ ಅದು ಕೆಲವೇ ಸೆಕೆಂಡು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಮೇಲೆ ಇಟ್ಟ. ಇಲ್ಲಿ ಮುಗಿದರೆ ಅಲ್ಲಿ ಅದೇ ತುಣುಕು. ಅಲ್ಲಿ ನುಡಿಯುವಾಗ ಇಲ್ಲಿ ಮುಳ್ಳು ಮತ್ತೆ ಮೊದಲಿಗೆ. ಸೆಕೆಂಡುಗಳು ನಿಮಿಷಗಳಾದವು. ಹಿಪ್-ಹಾಪ್ ನಿಂತಿರುವುದು ಈ ಕೈಚಳಕದ ಮೇಲೆ.

1979ರಲ್ಲಿ ರ‍್ಯಾಪ್‌ನ ಮೊದಲ ದೊಡ್ಡ ಹಿಟ್ 'ರ‍್ಯಾಪರ್ಸ್ ಡಿಲೈಟ್' ರೆಕಾರ್ಡ್ ಬಂತು. ಆಮೇಲೆ ರ‍್ಯಾಪ್ ಹಬ್ಬಿತು: ಪ್ಯಾರಿಸ್, ಸೆನೆಗಲ್‌ನ ಡಕಾರ್, ಮುಂಬೈನ ಧಾರಾವಿ, ನಮ್ಮ ಬೆಂಗಳೂರು. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಅಮೆರಿಕದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿಯೂ ಬಂತು. ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಡುವುದು, ಹೋದಲ್ಲೆಲ್ಲ ರ‍್ಯಾಪ್ ಆಯಾ ಊರಿನ ಮಾತನ್ನು ಕಲಿತದ್ದು.

ಮೊನ್ನೆ ರಿಹರ್ಸಲ್‌ಗೆ ಹೋಗಿದ್ದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿಯೊಬ್ಬಳು 'ಗಡಿಬಿಡಿ'ಗೆ ಪ್ರಾಸ ಸಿಗದೆ ಊರಿನ ಅಜ್ಜಿಗೆ ಫೋನ್ ಮಾಡಿದಳು. ಅಜ್ಜಿ ಒಂದೇ ಉಸಿರಿಗೆ ಹೇಳಿದರು: ಕಿಡಿ, ಗುಡಿ, ಮಡಿ, ಮುಡಿ, ನಡಿ. ಹುಡುಗಿ ಪ್ರತಿ ಪದಕ್ಕೂ ಅರ್ಥ ಕೇಳಿ ಬರೆದುಕೊಂಡಳು. 'ಮಡಿ'ಯ ಅರ್ಥಕ್ಕೇ ಹತ್ತು ನಿಮಿಷ ಹಿಡಿಯಿತು.

ಮಕ್ಕಳಿಗೆ 15 ನಿಮಿಷ ಕೊಡಬೇಕು ಅನ್ನುವುದು ನನ್ನ ಮತ. ಒಳ್ಳೆ ಸ್ಪೀಕರ್ ಇರುವವರು ದಯವಿಟ್ಟು ತಿಳಿಸಿ, ನಮ್ಮ ಹಾಲ್‌ನದ್ದು ಸಾಲುವುದಿಲ್ಲ.