ವಂದನಾರ್ಪಣೆಯಲ್ಲಿ ಹೇಳದೆ ಉಳಿದದ್ದು

ಕಳೆದ ಭಾನುವಾರ ಗದಗಿನಲ್ಲಿ ನಮ್ಮ ಗುಂಪಿನ ಹತ್ತು ವರ್ಷದ ಕಾರ್ಯಕ್ರಮ ಆಯಿತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಆ ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ, ಉಳಿದವರು ಊಟದ ಸಾಲಿನಲ್ಲಿ ನಿಂತಿರುತ್ತಾರೆ. ಗೊತ್ತಲ್ಲ? ಎರಡು ಮಾತು ಹೇಳಿ ಮೈಕು ಕೆಳಗಿಟ್ಟೆ. ಹೇಳಬೇಕಾದದ್ದು ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಹೆಸರು ಬಂದರೆ ಕೆಲವರಿಗೆ ತೊಂದರೆ, ಕೆಲವರಿಗೆ ನಾಚಿಕೆ. ಓದಿದರೆ ಅವರವರಿಗೆ ತಿಳಿಯುತ್ತದೆ.

ನಮ್ಮ ಕೆಲಸ ಏನು ಅಂತ ಸಂಬಂಧಿಕರು ಇನ್ನೂ ಕೇಳುತ್ತಾರೆ. ಸೋಲಾರ್ ಮಾರ್ತೀರಾ? ಮಾರುವುದಿಲ್ಲ. ಒಲೆ ಹಂಚ್ತೀರಾ? ಅದೂ ಅಲ್ಲ. ಅಡುಗೆಮನೆಯ ಹೊಗೆ, ಆಸ್ಪತ್ರೆಯ ಕರೆಂಟು, ಊರಿನ ಗಾಳಿ, ಇವೆಲ್ಲ ಆರೋಗ್ಯದ ವಿಷಯ ಅಂತ ಗ್ರಾಮ ಪಂಚಾಯ್ತಿಯಿಂದ ಜಿಲ್ಲಾ ಪಂಚಾಯ್ತಿವರೆಗೆ ಹೇಳುತ್ತಾ ತಿರುಗುತ್ತೇವೆ. ಅರ್ಜಿ ಬರೆಯುತ್ತೇವೆ. ಆಮೇಲೆ ಆ ಅರ್ಜಿ ಎಲ್ಲಿ ಹೋಯಿತು ಅಂತ ಹುಡುಕುತ್ತೇವೆ. ಎರಡನೆಯದೇ ಜಾಸ್ತಿ.

ಮೊದಲ ನಮಸ್ಕಾರ ಬೆಟಗೇರಿಯ ರೊಟ್ಟಿ ಶೆಡ್ಡಿನ ಅಕ್ಕಂದಿರಿಗೆ. ನಸುಕಿನಲ್ಲಿ ಒಲೆ ಹಚ್ಚಿದರೆ ಅವರು ಏಳುವುದು ಮಧ್ಯಾಹ್ನಕ್ಕೆ. ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆಗಳಿಗೆ ಖಡಕ್ ರೊಟ್ಟಿ, ಎಳ್ಳಮಾವಾಸ್ಯೆ ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಉರುವಲು ಹತ್ತಿಕಟ್ಟಿಗೆ, ತೊಗರಿ ಕಟ್ಟಿಗೆ, ಮಳೆಗಾಲದಲ್ಲಿ ಕುಳ್ಳು. ತಗಡಿನ ಶೆಡ್ಡು, ಒಂದೇ ಬಾಗಿಲು. ಒಳಗೆ ನಿಂತರೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ.

ಗ್ಯಾಸ್ ತಗೊಳ್ಳಿ ಅಂತ ಹೇಳಲು ಯಾರಿಗೂ ಕಷ್ಟವಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಆ ಅಕ್ಕಂದಿರಲ್ಲಿ ಹಲವರ ಮನೆಗೆ ಸಿಲಿಂಡರ್ ಬಂದಿತ್ತು. ಮನೆಯಲ್ಲಿ ಚಹಾ, ಅನ್ನ ಅದರಲ್ಲೇ. ಆದರೆ ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರದ 19 ಕೆಜಿ ಸಿಲಿಂಡರಿನ ರೇಟು ರೊಟ್ಟಿಯ ಲಾಭವನ್ನೇ ನುಂಗುತ್ತದೆ. ಅದಕ್ಕಿಂತ ದೊಡ್ಡ ಮಾತನ್ನು ಶೆಡ್ಡಿನ ಹಿರಿಯ ಅಕ್ಕ ಮೊದಲ ದಿನವೇ ಹೇಳಿದರು. "ಗ್ಯಾಸಿನ ಉರಿ ನಡುವಷ್ಟ ಸುಡತೈತ್ರಿ, ಅಂಚು ಹಸಿ ಉಳೀತೈತಿ. ರೊಟ್ಟಿ ಉಬ್ಬಲಿಲ್ಲ ಅಂದ್ರ ಗಿರಾಕಿ ಬರಂಗಿಲ್ಲ. ಹೊಗಿ ತಗೀರಿ, ಒಲಿ ತಗೀಬ್ಯಾಡ್ರಿ."

ನಮ್ಮ ಮುಂದಿನ ಕೆಲಸವೆಲ್ಲ ಆ ಕೊನೆಯ ಮಾತಿನ ಮೇಲೆ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಶುರುಮಾಡಿದ ವಿಭಾಗದ ಹೆಸರು ಅಸ್ತ್ರ. ಹೊಗೆಕೊಳವೆ ಇರುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಬೆಂಕಿಯ ಬಿಸಿ ಒಂದು ಪಾತ್ರೆಯ ಕೆಳಗಿಂದ ಮುಂದಿನದಕ್ಕೆ ಹೋಗಿ, ಉಳಿದ ಹೊಗೆ ಕೊಳವೆ ಏರುತ್ತದೆ. ಹಳೆಯ ವಿದ್ಯೆ. ಆದರೆ ಅದು ಪಾತ್ರೆಯ ಒಲೆ, ನಮ್ಮದು ಅಗಲವಾದ ಹಂಚು. ಬಾಯಿ ಎಷ್ಟಿರಬೇಕು, ಕಟ್ಟಿಗೆ ಎಲ್ಲಿಂದ ಹಾಕಬೇಕು, ಕೂತವರ ಮೊಣಕಾಲಿಗೆ ಕಾವು ತಾಗದ ಹಾಗೆ ಕಟ್ಟೆ ಎಷ್ಟು ಎತ್ತರ ಬೇಕು, ಎಲ್ಲವನ್ನೂ ಅಕ್ಕಂದಿರೇ ಹೇಳಿದರು. ಗೌಂಡಿ ಕಾಕಾ ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಕೆಡವಿದ ದಿನಗಳ ಪಗಾರ ತಗೊಳ್ಳಲಿಲ್ಲ. ಕಾಕಾ, ಆ ದುಡ್ಡು ನಮ್ಮ ಲೆಕ್ಕದ ಪುಸ್ತಕದಲ್ಲಿ ಇನ್ನೂ ಬಾಕಿ ಅಂತಲೇ ಇದೆ.

ಎದುರು ಮನೆಯ ಟೀಚರ್‌ಗೂ ಒಂದು ಥ್ಯಾಂಕ್ಸ್. ಹೊಸ ಒಲೆ ಹೊತ್ತಿದ ಮೊದಲ ವಾರವೇ ಅವರು ಜಗಳಕ್ಕೆ ಬಂದರು. ಶೆಡ್ಡಿನ ಹೊಗೆಯನ್ನೆಲ್ಲ ನಮ್ಮ ಕಿಟಕಿಗೆ ಬಿಟ್ಟಿದ್ದೀರಿ ಅಂದರು. ಅವರ ಮಾತು ಸರಿ ಇತ್ತು. ಹೊಗೆ ಹೊರಗೆ ಹೋಗಿತ್ತು, ಮಾಯವಾಗಿರಲಿಲ್ಲ. ಕೊಳವೆಯನ್ನು ಮಾಳಿಗೆಗಿಂತ ಮೇಲಕ್ಕೆ ಏರಿಸಿದೆವು. ಒಣ ಕಟ್ಟಿಗೆ ಇಡಲು ಬೇರೆ ಮಾಡು ಹಾಕಿಸಿದೆವು, ಹಸಿ ಕಟ್ಟಿಗೆಯೇ ಜಾಸ್ತಿ ಹೊಗೆ ಕೊಡುವುದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಒಳಗೇ ಬರುತ್ತದೆ. ಅದಕ್ಕೆ ಅಮಾವಾಸ್ಯೆಗೊಮ್ಮೆ, ಶೆಡ್ಡಿಗೆ ರಜೆ ಇದ್ದ ದಿನ, ಪಾಳಿ ಮೇಲೆ ಮಸಿ ತೆಗೆಯುತ್ತಾರೆ. ಈ ಪಾಳಿ ಇಂದಿಗೂ ತಪ್ಪಿಲ್ಲ. ನಮ್ಮ ಹತ್ತು ವರ್ಷದಲ್ಲಿ ಯಾವುದಾದರೂ ಗಟ್ಟಿಯಾಗಿ ಉಳಿದಿದೆ ಅಂತ ನಾನು ಧೈರ್ಯವಾಗಿ ಹೇಳುವುದಾದರೆ ಅದು ಈ ಪಾಳಿ.

ಹುಬ್ಬಳ್ಳಿಯ ಎದೆರೋಗದ ಡಾಕ್ಟರ್ ಒಬ್ಬರಿದ್ದಾರೆ. ರೋಗಿ ಹೆಂಗಸಾದರೆ ಅವರು ಕೇಳುವ ಮೊದಲ ಪ್ರಶ್ನೆ, "ಅಡಿಗಿ ಯಾವುದರ ಮ್ಯಾಲೆ ಮಾಡ್ತೀರಿ?" ಉತ್ತರವನ್ನು ಚೀಟಿಯಲ್ಲಿ ಬರೆಯುತ್ತಾರೆ. ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಶ್ವಾಸಕೋಶದ ಕಾಯಿಲೆ ಯಾಕೆ ಬಂತು ಅನ್ನುವುದಕ್ಕೆ ಆ ಒಂದು ಸಾಲು ಸಾಕು. ಉಳಿದ ಕಡೆ ಎಲ್ಲವನ್ನೂ ದಮ್ಮು ಅಂತ ಬರೆದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಾನು ಈ ಅಂಕಿಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಜನ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ಡಾಕ್ಟರ್ ಸಾಹೇಬರು ಶೆಡ್ಡಿಗೆ ಉಸಿರು ಅಳೆಯುವ ಯಂತ್ರ ತಂದ ದಿನ ಯಾರೂ ಸುಮ್ಮನಿರಲಿಲ್ಲ. ಜೋರಾಗಿ ಊದಬೇಕು, ಆರು ಸೆಕೆಂಡ್ ಬಿಡದೆ ಊದಬೇಕು ಅಂದರು. ಒಬ್ಬ ಅಜ್ಜಿ ನಕ್ಕರು. "ಊದೂದು ನನಗೇನ್ ಹೊಸದ್ರಿ? ಜೀವನಪೂರ್ತಿ ಊದುಗೊಳವಿ ಊದೀನಿ." ಅರ್ಧದಲ್ಲೇ ಕೆಮ್ಮು ಬಂದು ಕೂತುಬಿಟ್ಟರು. ಅಂದು ಸಂಜೆಯೇ ಅಕ್ಕಂದಿರ ರೊಟ್ಟಿ ಸಂಘದವರು ಶೆಡ್ಡಿಗೆ ಕಿಟಕಿ ಇಡಿಸಲು ದುಡ್ಡು ಕೂಡಿಸಿದರು. ಡಾಕ್ಟರೇ, ನಿಮ್ಮ ರಜೆಯ ದಿನ ಅದು ಅಂತ ನಮಗೆ ಆಮೇಲೆ ಗೊತ್ತಾಯಿತು.

ಹುಬ್ಬಳ್ಳಿ-ಧಾರವಾಡದ ಗಾಳಿಯ ಬಗ್ಗೆಯೂ ನಾವು ಬಹಳ ಓಡಾಡಿದ್ದೇವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಅವಳಿ ನಗರವೂ ಇದೆ. ರಸ್ತೆ ಧೂಳು, ಲಾರಿ ಹೊಗೆ, ಸುಡುವ ಕಸ ಎಲ್ಲವೂ ಚರ್ಚೆಗೆ ಬರುತ್ತದೆ. ಅಡುಗೆಮನೆ ಮಾತ್ರ ಬರುವುದಿಲ್ಲ, ಅದು ಮನೆಯೊಳಗಿನ ವಿಷಯವಂತೆ. ದಿನದ ಲೆಕ್ಕದಲ್ಲಿ ಪಿಎಂ 2.5 ಅನ್ನುವ ಸಣ್ಣ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹಳೆಯ ಶೆಡ್ಡಿನಲ್ಲಿ ನಮ್ಮ ಚಿಕ್ಕ ಮೀಟರ್ ಇಟ್ಟರೆ ನೂರು ದಾಟಿ ಎಲ್ಲಿಗೋ ಓಡುತ್ತಿತ್ತು. ಹೊಸ್ತಿಲು ದಾಟಿದ ಕೂಡಲೇ ಲೆಕ್ಕಕ್ಕೆ ಬಾರದ ಗಾಳಿ ಯಾವುದು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನೆಮನೆಗೆ ಮೀಟರ್ ಹಿಡಿದು ತಿರುಗಿದ ಧಾರವಾಡದ ಕಾಲೇಜು ಹುಡುಗ ಹುಡುಗಿಯರೇ, ನಿಮಗೆ ಕೊಟ್ಟದ್ದು ಗಿರಮಿಟ್ಟು, ಮಿರ್ಚಿ ಮಾತ್ರ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕಪ್ಪತಗುಡ್ಡದ ಬುಡದ ಒಂದು ಆರೋಗ್ಯ ಕೇಂದ್ರದ ಸಿಸ್ಟರ್. ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿರುತ್ತವೆ. ಕೆಳಗೆ ಹೆರಿಗೆ ಕೋಣೆಯಲ್ಲಿ ಕರೆಂಟು ಇರುವುದಿಲ್ಲ. ಸಿಸ್ಟರ್ ಮೊಬೈಲ್ ಟಾರ್ಚನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು ಹೆರಿಗೆ ಮಾಡಿಸುತ್ತಿದ್ದರು. ಇದೇನು ಅನ್ಯಾಯ ಅಂತ ನಾವು ಭಾಷಣ ಮಾಡುತ್ತಿದ್ದಾಗ ಸಮಾಧಾನವಾಗಿ ಕೂರಿಸಿ ತಿಳಿಸಿದವರು ಅಲ್ಲಿನ ಲೈನ್‌ಮನ್. ಫ್ಯಾನಿನ ಕರೆಂಟು ದೊಡ್ಡ ಲೈನು ಹತ್ತಿ ಗ್ರಿಡ್ಡಿಗೆ ಹೋಗುತ್ತದೆ. ಊರಿಗೆ ಬರುವುದು 11 ಕೆವಿ ಫೀಡರ್ ಅನ್ನುವ ಬೇರೆ ಲೈನಿನಲ್ಲಿ. ಆ ಫೀಡರಿಗೆ ಟೊಂಗೆ ತಾಗಿದರೆ, ಊರಿನ ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಗುಡ್ಡದ ತುಂಬ ಫ್ಯಾನಿದ್ದರೂ ಇಲ್ಲಿ ಕತ್ತಲೆಯೇ. ಕರೆಂಟು ಹೋದ ವೇಳೆ, ಬಂದ ವೇಳೆ ಎಲ್ಲ ಅವರ ಕಿಸೆಯ ಪುಸ್ತಕದಲ್ಲಿತ್ತು. ನಮ್ಮ ಅರ್ಜಿಗೆ ಬಲ ಬಂದದ್ದು ಆ ಪುಸ್ತಕದಿಂದ. ಈಗ ಕೇಂದ್ರದ ಮಾಳಿಗೆ ಮೇಲೆ ಸೋಲಾರ್ ಇದೆ. ಹೆರಿಗೆ ಕೋಣೆಯ ದೀಪ, ಎಳೆಗೂಸಿನ ವಾರ್ಮರ್, ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡುವ ಫ್ರಿಡ್ಜ್ ಅದಕ್ಕೆ ಜೋಡಿಸಿವೆ. ಗುರುವಾರದ ಲಸಿಕೆಗೆ ಬರುವ ತಾಯಂದಿರಿಗೆ ಇದೆಲ್ಲ ಗೊತ್ತಾಗಬೇಕಾಗಿಯೂ ಇಲ್ಲ. ವಾರಕ್ಕೊಮ್ಮೆ ಏಣಿ ಹಾಕಿ ಪ್ಯಾನಲ್ ಒರೆಸುವ ಡಿ ಗ್ರೂಪ್ ಅಣ್ಣನಿಗೆ, ಮುಂದೆ ಬ್ಯಾಟರಿ ಬದಲಿಸಲು ಈಗಿನಿಂದಲೇ ಸ್ವಲ್ಪ ಸ್ವಲ್ಪ ದುಡ್ಡು ತೆಗೆದಿಡಲು ಒಪ್ಪಿದ ಆರೋಗ್ಯ ರಕ್ಷಾ ಸಮಿತಿಯವರಿಗೆ ನಮಸ್ಕಾರ. ಸೋಲಾರ್ ಹಾಕುವ ದಿನ ಫೋಟೋಕ್ಕೆ ಬಹಳ ಜನ ಬರುತ್ತಾರೆ. ಬ್ಯಾಟರಿ ಸತ್ತ ದಿನ ಯಾರೂ ಬರುವುದಿಲ್ಲ.

ಹಾಗಂತ ಫ್ಯಾನುಗಳ ಮೇಲೆ ನನಗೆ ಸಿಟ್ಟಿಲ್ಲ. ಗಾಳಿ ವಿದ್ಯುತ್ ಬೇಕು. ಗುಡ್ಡದ ಮೇಲೆ ಎಲ್ಲೆಂದರಲ್ಲಿ ಮಾತ್ರ ಬೇಡ. ಕಪ್ಪತಗುಡ್ಡಕ್ಕಾಗಿ ಗದಗಿನಲ್ಲಿ ಧರಣಿ ಕೂತವರಿಂದ ಕಲಿತ ಮಾತಿದು. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಅದಕ್ಕೂ ಹಿಂದೆ, 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಜನಕ್ಕೆ ಬೇಕಾದ ಗಿಡ ಹಚ್ಚಿದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆದಿತ್ತು. ಅದರಲ್ಲಿದ್ದ ಹಿರಿಯರೊಬ್ಬರು ನಮ್ಮ ಮೊದಲ ಸಭೆಗೆ ಬಂದಿದ್ದರು. ಭಾಷಣ ಮಾಡಲಿಲ್ಲ. ಹೋಗುವಾಗ ಒಂದೇ ಮಾತು: "ಪೇಪರಿನವರು ಬರ್ಲಿ, ಬಿಡ್ಲಿ. ಹಾಜರಿ ಪುಸ್ತಕ ಬರೀರಿ." ನಮ್ಮ ಹೆಬ್ಬೆಟ್ಟು, ಸಹಿಗಳ ಪುಸ್ತಕಗಳು ಈಗ ಒಂದು ಕಪಾಟು ತುಂಬಿವೆ. ನೀವು ಸುಳ್ಳು ಜನ ತೋರಿಸ್ತೀರಿ ಅಂತ ಯಾರಾದರೂ ಅಂದರೆ ಅದೇ ಕಪಾಟು ತೆಗೆಯುತ್ತೇವೆ.

ಒಂದು ಕಚೇರಿಯ ಗುಮಾಸ್ತರಿಗೂ ಇಲ್ಲಿ ಜಾಗ ಬೇಕು. ನಾಲ್ಕು ಪುಟದ ನಮ್ಮ ಮನವಿ ನೋಡಿ ಅವರು ಅಂದದ್ದು, "ಇದನ್ನ ಯಾರೂ ಓದಂಗಿಲ್ರಿ. ಒಂದ ಪುಟ ಮಾಡ್ರಿ. ಏನ್ ಬೇಕು ಅಂತ ಕೊನೀಗೆ ಒಂದ ಸಾಲು ಹಾಕ್ರಿ." ಅಂದಿನಿಂದ ನಾವು ಒಂದೇ ಪುಟ ಬರೆಯುತ್ತೇವೆ.

ಎರಡು ವರ್ಷದ ಹಿಂದೆ ದುಡ್ಡು ಬರುವುದು ನಿಂತಿತು. ಕಾರಣ ಬೇಡ ಬಿಡಿ. ಆಫೀಸಿನ ಬಾಡಿಗೆ ಬಾಕಿ, ಇಬ್ಬರು ಬೇರೆ ಕೆಲಸ ನೋಡಿಕೊಂಡರು. ಅವರನ್ನು ತಡೆಯುವ ಮುಖ ನಮಗಿರಲಿಲ್ಲ. ಆಗ ಝೆರಾಕ್ಸ್ ಅಂಗಡಿಯವರು ಉದ್ರಿ ಕೊಟ್ಟರು, ಮನೆ ಮಾಲಕರು ಬಾಡಿಗೆ ಕೇಳುವುದನ್ನು ಬಿಟ್ಟರು. ರೊಟ್ಟಿ ಸಂಘದವರು ತಮ್ಮ ಉಳಿತಾಯದಿಂದ ಒಂದು ಕವರು ತಂದಿಟ್ಟರು. ಸಾಲ ಅಂತ ಬರೆದುಕೊಳ್ಳಿ ಅಂದರು, ಬಡ್ಡಿ ಬೇಡ ಅಂದರು. ಅಂದು ಆಫೀಸಿನಲ್ಲಿದ್ದ ನಾವು ಯಾರೂ ಸರಿಯಾಗಿ ಮಾತಾಡಲಿಲ್ಲ. ಆ ಸಾಲ ಕಳೆದ ಯುಗಾದಿಗೆ ತೀರಿತು.

ಮನೆಯವರ ಬಗ್ಗೆ ಬರೆಯದಿದ್ದರೆ ಮನೆಗೆ ಸೇರಿಸುವುದಿಲ್ಲ. ನಾನು ಊರೂರಿಗೆ ಹೋಗಿ ಹೊಗೆಯ ಬಗ್ಗೆ ಹೇಳುತ್ತೇನೆ. ನಮ್ಮ ಧಾರವಾಡದ ಮನೆಯಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಹಂಡೆ ನೀರು ಇನ್ನೂ ಕಟ್ಟಿಗೆಯಲ್ಲೇ ಕಾಯುತ್ತದೆ. "ಮೊದಲ ನಿನ್ನ ಸೂರ್ಯಗ ಬರಾಕ ಹೇಳು" ಅನ್ನುತ್ತಾರೆ ನಮ್ಮ ಅತ್ತೆ. ಅದೇ ಅತ್ತೆ ನಾನಿಲ್ಲದ ದಿನ ಮಕ್ಕಳ ಬುತ್ತಿ ಕಟ್ಟಿದ್ದಾರೆ, ರಾತ್ರಿ ಕೊನೆಯ ಬಸ್ಸಿಗೆ ಬಂದರೆ ಎದ್ದು ಚಹಾ ಇಟ್ಟಿದ್ದಾರೆ. ಅತ್ತೀ, ವಾದದಲ್ಲಿ ನೀವೇ ಗೆದ್ದಿರಿ.

ಧನ್ಯವಾದ ಹೇಳುತ್ತಲೇ ಇನ್ನೊಂದು ಕೇಳುವುದು ನಮ್ಮ ಕಸುಬಿನ ಚಾಳಿ. ದೀಪಾವಳಿ ಆದ ಮೇಲೆ ರಾಣೆಬೆನ್ನೂರಿನ ಕಡೆ ಎರಡನೇ ರೊಟ್ಟಿ ಶೆಡ್ಡಿನ ಕೆಲಸ ಶುರು. ಅಲ್ಲಿ ಉರುವಲು ಗೋವಿನಜೋಳದ ದಂಟು, ಬೇಗ ಉರಿದು ಬೇಗ ಆರುತ್ತದೆ, ಒಲೆಯ ಬಾಯಿ ಬೇರೆ ಥರ ಬೇಕಾಗುತ್ತದೆ. ಬೆಟಗೇರಿಯ ಇಬ್ಬರು ಅಕ್ಕಂದಿರು, ಗೌಂಡಿ ಕಾಕಾ ಬರಲು ಒಪ್ಪಿದ್ದಾರೆ. ಅವರು ನಾಲ್ಕು ದಿನ ಉಳಿಯಲು ಒಂದು ಮನೆ ಬೇಕು. ರಾಣೆಬೆನ್ನೂರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ. ರೊಟ್ಟಿ ಅವರೇ ಬಡೀತಾರೆ.